ರೋಡಲ್ಲೇ ಸೆಟಲ್ ಮಾಡ್ಕೊಂಡು ಹೋಗ್ಬೇಡಿ, ಸ್ಟೇಷನ್‌ಗೆ ಒಂದ್ಸಲ ಹೋಗಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಒಳಪುಟದಲ್ಲಿ ದಿನಾ ಅಪಘಾತದ ಸುದ್ದಿ ಇರುತ್ತೆ. ಎಲ್ಲಿ ಆಯ್ತು, ಎಷ್ಟು ಜನ ಹೋದ್ರು, ಗಾಯಾಳುಗಳನ್ನ ಎಲ್ಲಿಗೆ ಸೇರಿಸಿದ್ರು, ಪ್ರಕರಣ ದಾಖಲಾಗಿದೆ, ಅಲ್ಲಿಗೆ ಮುಗೀತು. ಅದು ದೊಡ್ಡ ಆಕ್ಸಿಡೆಂಟ್‌ಗಳ ಕಥೆ. ಪೇಪರಿಗೆ ಬರದೇ ಇರೋ ಆಕ್ಸಿಡೆಂಟ್‌ಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಕಾರು ಬೈಕಿಗೆ ತಾಗಿ ಒಬ್ರು ಬಿದ್ರು, ಎದ್ರು, ಮೊಣಕಾಲು ಕೆತ್ತೋಗಿದೆ, ಜನ ಸೇರಿದ್ರು, ಒಂದಷ್ಟು ಕೂಗಾಟ, ಆಮೇಲೆ ಯಾರೋ ಹಿರಿಯರು ಮಧ್ಯೆ ಬಂದು ಐದು ಸಾವಿರ ಕೊಡ್ಸಿ ಕಳ್ಸಿದ್ರು. ಇಂಥವುಗಳಲ್ಲಿ ಪ್ರಕರಣ ಅನ್ನೋದು ದಾಖಲಾಗೋದೇ ಇಲ್ಲ. ನಾನು ಬರೀತಿರೋದು ಇವುಗಳ ಬಗ್ಗೆ.

ನನ್ನದು ಹಾಸನ ಜಿಲ್ಲೆ, ಬೆಂಗಳೂರು ಮಂಗಳೂರು ಹೈವೇ ಪಕ್ಕ ಟಿಂಕರಿಂಗ್ ಪೇಂಟಿಂಗ್ ಕೆಲಸ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗೋರು, ವೀಕೆಂಡ್ ಬಂದ್ರೆ ಸಕಲೇಶಪುರದ ಹೋಮ್‌ಸ್ಟೇಗೆ ಹೋಗೋರು, ಎಲ್ಲಾ ಇದೇ ರೋಡಲ್ಲಿ. ಗುದ್ದಿದ ಕಾರು ನಮ್ಮ ಹತ್ರ ಬರುತ್ತೆ, ಕಾರಿನ ಜೊತೆ ಅದರ ಕಥೆನೂ ಬರುತ್ತೆ. ಓನರ್ ಹೇಳೋ ಕಥೆ ಒಂದು, ಬಂಪರ್ ಹೇಳೋದು ಇನ್ನೊಂದು. ಅದಿರ್ಲಿ.

ಈ ರೋಡ್ ರಾಜಿ ಇದೆಯಲ್ಲ, ಅದು ಯಾರಿಗೂ ಒಳ್ಳೇದಲ್ಲ ಅನ್ನೋದು ನನ್ನ ವಾದ. ಬಿದ್ದೋನಿಗಂತೂ ಅಲ್ಲವೇ ಅಲ್ಲ, ಗುದ್ದಿದೋನಿಗೂ ಅಲ್ಲ. ಎಲ್ರೂ ಅಂದ್ಕೊಳೋದು ಸ್ಟೇಷನ್ ಕೋರ್ಟು ಅಂತ ಯಾಕೆ ಅಲೀಬೇಕು, ಇಲ್ಲೇ ಮುಗಿಸಿದ್ರೆ ಇಬ್ರಿಗೂ ನೆಮ್ಮದಿ ಅಂತ. ಆದ್ರೆ ಅಲ್ಲಿ ನಿಂತು ರೇಟ್ ಫಿಕ್ಸ್ ಮಾಡೋ ಹೊತ್ತಲ್ಲಿ ಏಟು ಎಷ್ಟು ಬಿದ್ದಿದೆ ಅಂತ ಬಿದ್ದೋನಿಗೇ ಗೊತ್ತಿರಲ್ಲ. ಮೈ ಬಿಸಿ ಇರುತ್ತೆ, ಭಯಕ್ಕೆ ನೋವೂ ಗೊತ್ತಾಗಲ್ಲ, ಏನಿಲ್ಲ ಬಿಡಿ ಸಾರ್ ಅಂತಾನೇ ಎದ್ದು ಬಟ್ಟೆ ಕೊಡವ್ಕೋತಾರೆ. ತಲೆಗೆ ಬಿದ್ದ ಏಟು ಇನ್ನೂ ಮೋಸ. ಒಳಗಡೆ ರಕ್ತ ಒಸರ್ತಾ ಇದ್ರೂ ಮನುಷ್ಯ ಒಂದೆರಡು ಗಂಟೆ, ಕೆಲವ್ರು ಅದಕ್ಕಿಂತ ಜಾಸ್ತಿ ಹೊತ್ತು, ಚೆನ್ನಾಗೇ ಮಾತಾಡ್ಕೊಂಡು ಇರ್ತಾರೆ, ಆಮೇಲೆ ತಲೆನೋವು, ವಾಂತಿ, ಮಂಪರು, ಅಷ್ಟೊತ್ತಿಗೆ ಐದು ಸಾವಿರ ಕೊಟ್ಟೋನು ಬೆಂಗಳೂರು ಸೇರಿರ್ತಾನೆ.

ಕೆಲವು ಕಾರು ನಮ್ಮಲ್ಲಿಗೆ ಬಂದಾಗ ಮುಂದಿನ ಗ್ಲಾಸು ನೋಡಿದ ತಕ್ಷಣ ಗೊತ್ತಾಗುತ್ತೆ. ಹೊರಗಿಂದ ಕಲ್ಲು ಬಿದ್ದ ಬಿರುಕೇ ಬೇರೆ, ಒಳಗಿಂದ ತಲೆ ಹೊಡೆದಿದ್ದೇ ಬೇರೆ. ಒಳಗಿಂದ ಹೊಡೆದಿದ್ರೆ ದುಂಡಗೆ ಜೇಡರ ಬಲೆ ತರ ಬಿರುಕು ಬಿಟ್ಟು ಹೊರಕ್ಕೆ ಉಬ್ಬಿರುತ್ತೆ, ಹತ್ರ ಹೋಗಿ ನೋಡಿದ್ರೆ ಆ ಬಿರುಕಿನ ಸಂದೀಲಿ ಒಂದೆರಡು ಕೂದಲು ಸಿಕ್ಕಾಕ್ಕೊಂಡಿರುತ್ತೆ. ಸೀಟ್ ಬೆಲ್ಟ್ ಹಾಕಿಲ್ಲ ಅಂತ ಅದೇ ಹೇಳುತ್ತೆ. ಆ ಕೂದಲಿನ ಓನರ್ ನನ್ನ ಮುಂದೇನೇ ನಿಂತ್ಕೊಂಡು ಬಾನೆಟ್‌ಗೆ ಎಷ್ಟಾಗುತ್ತೆ, ಲೈಟ್ ಒರಿಜಿನಲ್ಲೇ ಹಾಕ್ತೀರಾ ಅಂತ ಕೇಳ್ತಿರ್ತಾರೆ. ನಾನು ಕಾರು ಇಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ, ಮೊದ್ಲು ಹೋಗಿ ತಲೆ ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ ಅಂತೀನಿ. ಕೆಲವ್ರು ಹೋಗ್ತಾರೆ, ಕೆಲವ್ರು ನಗ್ತಾರೆ.

ನಮ್ಮ ಕಡೆಯೋರೊಬ್ರು, ಡೈರಿಗೆ ಹಾಲು ಹಾಕಿ ಎಕ್ಸೆಲ್ ಗಾಡೀಲಿ ವಾಪಸ್ ಬರ್ತಿರುವಾಗ ಹಿಂದಿಂದ ಕಾರು ತಾಗಿ ಬಿದ್ರು. ಕ್ಯಾನು ಉರುಳೋಯ್ತು, ಹ್ಯಾಂಡಲ್ ಸೊಟ್ಟ ಆಯ್ತು, ಇವರು ಎದ್ದು ಕೂತ್ಕೊಂಡ್ರು. ಕಾರಿನೋನೂ ಒಳ್ಳೇ ಮನುಷ್ಯನೇ, ಓಡಿ ಹೋಗ್ಲಿಲ್ಲ, ದುಡ್ಡು ಕೊಟ್ಟ, ಫೋನ್ ನಂಬರ್ ಕೊಟ್ಟ, ಏನಾದ್ರೂ ಇದ್ರೆ ಕಾಲ್ ಮಾಡಿ ಯಜಮಾನ್ರೇ ಅಂದ. ಊದಿಕೊಂಡ ಮಂಡಿ ಎಣ್ಣೆ ಹಚ್ಚಿದ್ರೂ ಇಳೀಲಿಲ್ಲ, ಕೊನೆಗೆ ತೋರಿಸಿದ್ರೆ ಮೂಳೆ ಸೀಳಿದೆ, ಆಪರೇಷನ್ ಆಗ್ಬೇಕು ಅಂದ್ರು. ಆ ಫೋನ್ ನಂಬರ್ ಮೊದಲೆರಡು ಸಲ ಎತ್ತಿದ್ರು, ಆಮೇಲೆ ಸ್ವಿಚ್ ಆಫ್. ಕಾರಿನ ನಂಬರ್ ಯಾರೂ ಬರ್ಕೊಂಡಿರ್ಲಿಲ್ಲ. ಬಣ್ಣ ಬಿಳಿ ಅನ್ನೋದಷ್ಟೇ ಎಲ್ರಿಗೂ ನೆನಪು, ಈ ರೋಡಲ್ಲಿ ಓಡಾಡೋ ಕಾರಲ್ಲಿ ಅರ್ಧಕ್ಕರ್ಧ ಬಿಳೀನೇ.

ಅವತ್ತೇ ಸ್ಟೇಷನ್‌ಗೆ ಹೋಗಿದ್ರೆ ಏನಾಗ್ತಿತ್ತು? ಎಫ್‌ಐಆರ್ ಅನ್ನೋದು ಯಾರನ್ನೋ ಜೈಲಿಗೆ ಹಾಕೋಕೆ ಇರೋ ಕಾಗದ ಅಂತ ನಮ್ಮ ಜನ ತಿಳ್ಕೊಂಡಿದಾರೆ. ಗಾಯ ಆದೋರಿಗೆ ಪರಿಹಾರದ ದಾರಿ ಶುರುವಾಗೋದೇ ಅಲ್ಲಿಂದ. ಎಫ್‌ಐಆರ್ ಆದ್ರೆ ಸ್ಥಳ ಮಹಜರು ಆಗುತ್ತೆ, ಸ್ಕೆಚ್ ಹಾಕ್ತಾರೆ, ಆಸ್ಪತ್ರೇಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸ್ಬೇಕಾದ ಕೇಸ್ ಅನ್ನೋ ದಾಖಲೆ) ಮಾಡಿ ಗಾಯದ ಸರ್ಟಿಫಿಕೇಟ್ ಕೊಡ್ತಾರೆ, ಆರ್‌ಟಿಒ ಇನ್‌ಸ್ಪೆಕ್ಟರ್ ಗಾಡಿ ನೋಡಿ ಬ್ರೇಕ್ ಸರಿ ಇತ್ತಾ ಇಲ್ವಾ ಅಂತ ರಿಪೋರ್ಟ್ ಬರೀತಾರೆ. 2022ರ ಏಪ್ರಿಲ್‌ನಿಂದ ರೂಲ್ಸ್ ಬದಲಾಗಿ, ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದೀನ ಅಪಘಾತ ಪರಿಹಾರ ತೀರ್ಮಾನಿಸೋ ಕ್ಲೇಮ್ಸ್ ಟ್ರಿಬ್ಯೂನಲ್‌ಗೂ ಇನ್ಷೂರೆನ್ಸ್ ಕಂಪನಿಗೂ ಕಳಿಸ್ಬೇಕು, 90 ದಿನದಲ್ಲಿ ಪೂರ್ತಿ ವರದಿ ಹೋಗ್ಬೇಕು. ಪರಿಹಾರ ಕೇಳಿ ಹಾಕೋ ಕೇಸಿಗೆ ಎಂವಿಸಿ ಕೇಸ್ ಅಂತೀವಲ್ಲ, ಅದನ್ನ ಹಾಕೋಕೆ ಅಪಘಾತ ಆದ ಊರಿಗೇ ಅಲೀಬೇಕು ಅಂತಲೂ ಇಲ್ಲ, ನಾವು ವಾಸ ಇರೋ ಕಡೆ ಟ್ರಿಬ್ಯೂನಲ್ಲಲ್ಲೇ ಹಾಕ್ಬಹುದು. ಆರು ತಿಂಗಳೊಳಗೆ ಹಾಕ್ಬೇಕು ಅಂತ 2019ರ ತಿದ್ದುಪಡೀಲಿ ಬಂದಿದೆ, ಅದು ಸರೀನಾ ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ, ಅದೇನೇ ಆಗ್ಲಿ, ಆರು ತಿಂಗಳು ಅಂತಾನೇ ತಲೇಲಿ ಇಟ್ಕೊಂಡ್ರೆ ಕ್ಷೇಮ.

ದುಡ್ಡು ಕೊಡೋದು ಆ ಕಾರಿನೋನ ಜೇಬಿಂದ ಅಲ್ಲ ಅನ್ನೋದನ್ನ ಯಾಕೆ ಯಾರೂ ಹೇಳಲ್ಲ ಅಂತ ನಂಗೆ ಆಶ್ಚರ್ಯ. ಥರ್ಡ್ ಪಾರ್ಟಿ ಇನ್ಷೂರೆನ್ಸ್ ಪ್ರತಿ ಗಾಡಿಗೂ ಕಡ್ಡಾಯ, ಅದು ಇರೋದೇ ಇದಕ್ಕೆ, ವರ್ಷ ವರ್ಷ ಬೈಕೊಂಡು ಕಟ್ತೀವಲ್ಲ ಅದೇ. ಎದುರಿನೋರಿಗೆ ಆದ ಗಾಯಕ್ಕೆ, ಸಾವಿಗೆ ಕೋರ್ಟು ಎಷ್ಟು ಹೇಳುತ್ತೋ ಅಷ್ಟು ಇನ್ಷೂರೆನ್ಸ್ ಕೊಡುತ್ತೆ, ಎದುರಿನೋರ ಗಾಡಿಗೆ, ಗೋಡೆಗೆ, ಅಂಗಡಿಗೆ ಆದ ನಷ್ಟಕ್ಕೆ ಕಾರಿನ ಪಾಲಿಸೀಲಿ ಸಾಮಾನ್ಯವಾಗಿ 7.5 ಲಕ್ಷದವರೆಗೆ ಇರುತ್ತೆ. ಇಷ್ಟೆಲ್ಲಾ ಇಟ್ಕೊಂಡು ರೋಡಲ್ಲಿ ನಿಂತು ಐದು ಸಾವಿರಕ್ಕೆ ಚೌಕಾಸಿ ಮಾಡೋದು! ಮೇಲಾಗಿ ತಪ್ಪು ನಂದೇ, ಎಲ್ಲಾ ಖರ್ಚು ನಾನೇ ಕೊಡ್ತೀನಿ ಅಂತ ಕಂಪನಿಗೆ ಹೇಳದೆ ಬರ್ಕೊಡೋದಕ್ಕೆ ಪಾಲಿಸಿ ಷರತ್ತಲ್ಲೇ ಅವಕಾಶ ಇಲ್ಲ. ಸಹಾಯ ಮಾಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ಔಷಧಿಗೆ ಕೈಯಿಂದ ದುಡ್ಡು ಕೊಡಿ ಬೇಕಾದ್ರೆ, ಅದು ಮನುಷ್ಯತ್ವ. ಬರ್ಕೊಡೋದು ಮಾತ್ರ ಬೇಡ.

ಇನ್ನು ಚಿಕಿತ್ಸೆ ಖರ್ಚು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸೆ ಸ್ಕೀಮ್ ನೋಟಿಫೈ ಮಾಡಿದೆ. ಯಾವ ರೋಡಲ್ಲಾದ್ರೂ ಸರಿ, ವಾಹನ ಅಪಘಾತದಲ್ಲಿ ಗಾಯ ಆದೋರಿಗೆ ಒಬ್ಬೊಬ್ಬರಿಗೆ 1.5 ಲಕ್ಷದವರೆಗೆ, ಅಪಘಾತದ ದಿನದಿಂದ ಏಳು ದಿನದವರೆಗೆ, ಸ್ಕೀಮಲ್ಲಿರೋ ಆಸ್ಪತ್ರೇಲಿ ದುಡ್ಡು ಕಟ್ಟದೆ ಚಿಕಿತ್ಸೆ. ಇದು ಸುಮ್ನೆ ಬಂದಿದ್ದಲ್ಲ, ಸುಪ್ರೀಂ ಕೋರ್ಟ್ ಡೆಡ್‌ಲೈನ್ ಕೊಟ್ಟು ಕಿವಿ ಹಿಂಡಿದ ಮೇಲೆ ಬಂದಿದ್ದು. ಇಂಥದ್ದನ್ನ ನಮ್ಮ ರಾಜ್ಯ 2016ರಲ್ಲೇ ಶುರು ಮಾಡಿತ್ತು. ನೆಲಮಂಗಲದ ಹತ್ರ ಲಾರಿ ಹರಿದು ದೇಹ ಎರಡು ಭಾಗ ಆದ್ರೂ ನನ್ನ ಕಣ್ಣು ದಾನ ಮಾಡಿ ಅಂತ ಕೇಳ್ಕೊಂಡು ಪ್ರಾಣ ಬಿಟ್ಟ ಹರೀಶ್ ಹೆಸರಲ್ಲಿ ಸಾಂತ್ವನ ಯೋಜನೆ, ಮೊದಲ 48 ಗಂಟೆಗೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆ. ಕೇಂದ್ರದ ಸ್ಕೀಮಲ್ಲಿ ಒಂದು ಮುಖ್ಯ ವಿಷಯ ಏನಪ್ಪಾ ಅಂದ್ರೆ ಇದು ನಿಜಕ್ಕೂ ರಸ್ತೆ ಅಪಘಾತ ಅಂತ ಪೊಲೀಸರು ಖಾತ್ರಿ ಮಾಡ್ಬೇಕು. ರೋಡಲ್ಲೇ ಮುಗಿಸ್ಕೊಂಡು ಬಂದು ಆಸ್ಪತ್ರೇಲಿ ಮೆಟ್ಟಲಿಂದ ಜಾರಿ ಬಿದ್ದೆ ಅಂತ ಬರೆಸ್ತಾರಲ್ಲ, ಎಂಎಲ್‌ಸಿ ತಲೆನೋವು ಬೇಡ ಅಂತ, ಅವರಿಗೆ ಇದು ಎಲ್ಲಿಂದ ಸಿಗ್ಬೇಕು. ಆಮೇಲೆ ಅದೇ ಕೇಸ್ ಶೀಟು ಕೋರ್ಟಲ್ಲಿ ಇವರಿಗೇ ತಿರುಗಿ ಹೊಡೆಯುತ್ತೆ.

ಡಿಕ್ಕಿ ಹೊಡೆದೋನು ನಿಲ್ಲಿಸದೇ ಹೋಗ್ಬಿಟ್ರೆ ಏನೂ ಇಲ್ಲ ಅಂತಾನೂ ಅಲ್ಲ. ಗುರುತು ಸಿಗದ ಗಾಡಿ ಹೊಡೆದು ಸತ್ರೆ 2 ಲಕ್ಷ, ಗಂಭೀರ ಗಾಯ ಆದ್ರೆ 50 ಸಾವಿರ, ಕಂದಾಯ ಇಲಾಖೆ ಅಧಿಕಾರಿಗೆ ಅರ್ಜಿ ಹಾಕ್ಬೇಕು. ಕಡಿಮೇನೇ, ಆದ್ರೆ ಅದನ್ನೂ ಕೇಳದೇ ಇರೋರೇ ಹೆಚ್ಚು, ಅದಕ್ಕೂ ಬೇಕಾಗೋದು ಪೊಲೀಸ್ ಕಾಗದವೇ.

ಹಾಲಿನೋರ ಕೇಸು ಏನಾಯ್ತು ಅಂತ ಕೇಳ್ತೀರಾ? ಊರಿನೋರೊಬ್ರ ಫೋನಲ್ಲಿ ಅವತ್ತು ತೆಗೆದ ಒಂದು ವಿಡಿಯೋ ಇತ್ತು, ಅದ್ರಲ್ಲಿ ಕೂಗಾಟವೇ ಜಾಸ್ತಿ, ಆದ್ರೂ ಮೂಲೇಲಿ ಕಾರಿನ ನಂಬರ್ ಅರ್ಧ ಕಾಣ್ತಿತ್ತು, ಅದನ್ನ ಹಿಡ್ಕೊಂಡು ತಡವಾಗಿ ಕಂಪ್ಲೇಂಟ್ ಕೊಟ್ರು. ಕಂಪನಿ ವಕೀಲ್ರು ಇಷ್ಟು ದಿನ ಎಲ್ಲಿದ್ರಿ ಅಂತಾನೇ ಶುರು ಮಾಡಿದ್ರಂತೆ. ಎಫ್‌ಐಆರ್ ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸೋ ಹಾಗಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದ್ರೆ ಒಂದು ದಿನದ ಕೆಲಸಕ್ಕೆ ಈಗ ಎಷ್ಟು ತಾರೀಕು ಅಲೀತಿದಾರೋ ಅವರಿಗೇ ಗೊತ್ತು.

ಈಗ ಗಾಡಿ ಓಡಿಸ್ತಿದ್ದೋರ ಭಯಕ್ಕೆ ಬರ್ತೀನಿ, ಅದೂ ಸುಳ್ಳಲ್ಲ. ಜನ ಹೊಡೀತಾರೆ. ಎಷ್ಟು ನಿಜ ಅಂದ್ರೆ ಮೋಟಾರು ವಾಹನ ಕಾಯ್ದೆ 134ನೇ ಸೆಕ್ಷನ್ನಲ್ಲೇ ಅದನ್ನ ಬರೆದಿದಾರೆ. ಗಾಯ ಆದೋರನ್ನ ಹತ್ರದ ಡಾಕ್ಟರ್ ಅಥವಾ ಆಸ್ಪತ್ರೆಗೆ ಸೇರಿಸೋ ವ್ಯವಸ್ಥೆ ಮಾಡ್ಬೇಕು, ಜನ ರೊಚ್ಚಿಗೆದ್ದಿದ್ರಿಂದಲೋ ಕೈ ಮೀರಿದ ಬೇರೆ ಕಾರಣಕ್ಕೋ ಆಗ್ಲಿಲ್ಲ ಅಂದ್ರೆ ಮಾತ್ರ ವಿನಾಯ್ತಿ. ಅಂದ್ರೆ ಹೊಡೆತ ಬೀಳೋ ಹಾಗಿದ್ರೆ ಅಲ್ಲಿಂದ ಹೊರಟು ಸೀದಾ ಸ್ಟೇಷನ್‌ಗೆ ಹೋಗಿ, ಹೋಗ್ತಾ ಹೋಗ್ತಾನೇ 112ಕ್ಕೋ 108ಕ್ಕೋ ಫೋನ್ ಮಾಡಿ, ಯಾರೂ ತಪ್ಪು ಅನ್ನಲ್ಲ. ಆದ್ರೆ ಸ್ಟೇಷನ್ ದಾಟಿ ಮನೆಗೆ ಹೋಗೋದಿದೆಯಲ್ಲ, ಅದೇ ಹಿಟ್ ಅಂಡ್ ರನ್. ಪೊಲೀಸರು ಸ್ಥಳದಲ್ಲಿ ಇಲ್ದಿದ್ರೆ ಆದಷ್ಟು ಬೇಗ, ಎಷ್ಟೇ ತಡ ಅಂದ್ರೂ 24 ಗಂಟೆಯೊಳಗೆ ಸ್ಟೇಷನ್‌ಗೆ ತಿಳಿಸ್ಬೇಕು, ಇನ್ಷೂರೆನ್ಸ್‌ನೋರಿಗೂ ಬರೆದು ತಿಳಿಸ್ಬೇಕು, ಇಲ್ಲಾಂದ್ರೆ ಅದಕ್ಕೇ ಬೇರೆ ಆರು ತಿಂಗಳವರೆಗೆ ಜೈಲು ಅಥವಾ 5 ಸಾವಿರದವರೆಗೆ ದಂಡ ಅಥವಾ ಎರಡೂ. 2024ರ ಜುಲೈಯಲ್ಲಿ ಹೊಸ ಭಾರತೀಯ ನ್ಯಾಯ ಸಂಹಿತೆ ಬಂದಾಗ ತಿಳಿಸದೆ ಓಡಿಹೋದ್ರೆ ಹತ್ತು ವರ್ಷ ಅನ್ನೋ ಭಾಗಾನ ಲಾರಿಯೋರ ಮುಷ್ಕರದಿಂದ ತಡೆಹಿಡಿದಿದ್ರು, ಅದನ್ನ ಕೇಳಿ ಕೆಲವ್ರು ಓಡಿಹೋದ್ರೆ ಏನೂ ಆಗಲ್ಲ ಅಂದ್ಕೊಂಡಿದಾರೆ, ಅದು ತಪ್ಪು ತಿಳುವಳಿಕೆ.

ನಿಂತು ಮಾತಾಡಿದ್ರೆ ಸಾಮಾನ್ಯವಾಗಿ ಹಾಕೋದು ನಿರ್ಲಕ್ಷ್ಯದ ಚಾಲನೆ ಮತ್ತು ಗಾಯದ ಸೆಕ್ಷನ್‌ಗಳು, ನ್ಯಾಯ ಸಂಹಿತೆಯ 281, 125, ಇವೆಲ್ಲಾ ಬೇಲ್ ಸಿಗೋವೇ, ಸ್ಟೇಷನ್ನಲ್ಲೇ ಬೇಲ್ ಕೊಡ್ಬಹುದು. ಗಾಡಿ ಸೀಜ್ ಮಾಡ್ಬಿಡ್ತಾರೆ, ತಿಂಗಳುಗಟ್ಟಲೆ ಬಿಸಿಲಲ್ಲಿ ಕೊಳೆಯುತ್ತೆ ಅನ್ನೋ ಭಯ ಇನ್ನೊಂದು. ತಪಾಸಣೆ ಮುಗಿದ ಮೇಲೆ 24 ಗಂಟೆಯೊಳಗೆ ವಾಪಸ್ ಕೊಡ್ಬೇಕು ಅಂತ ಮೋಟಾರು ವಾಹನ ಕಾಯ್ದೆಯ 136ನೇ ಸೆಕ್ಷನ್ ಹೇಳುತ್ತೆ. ಹಂಗೇ ನಡೆಯುತ್ತೆ ಅಂತ ನಾನು ಹೇಳ್ತಿಲ್ಲ, ಸ್ಟೇಷನ್ ಮುಂದೆ ಬಳ್ಳಿ ಹಬ್ಬಿರೋ ಕಾರುಗಳನ್ನ ನಾನೂ ನೋಡಿದೀನಿ. ಆದ್ರೆ ಕೇಳೋಕೆ ಒಂದು ಸೆಕ್ಷನ್ ನಂಬರ್ ಗೊತ್ತಿದ್ರೆ ಕೇಳೋ ದನಿ ಬೇರೆ ಆಗುತ್ತೆ.

ಎಲ್ಲಕ್ಕಿಂತ ಕೆಟ್ಟದ್ದು ಡ್ರೈವರ್ ಬದಲಾಯಿಸೋದು. ಓಡಿಸಿದ್ದು ಹದಿನೇಳರ ಮಗ, ಸ್ಟೇಷನ್ನಲ್ಲಿ ಹೆಸರು ಬರೋದು ಅಪ್ಪಂದು ಇಲ್ಲಾ ತೋಟದ ಆಳಿಂದು. ಗಾಡಿಗೆ ಇನ್ಷೂರೆನ್ಸ್ ಇಲ್ಲ ಅಂದ್ರೆ ಗಾಡೀನೇ ಬದಲಾಯಿಸೋ ಮಹಾನುಭಾವ್ರೂ ಇದಾರೆ. ಸ್ಕ್ರಾಚ್ ಆಗಿರೋ ಎತ್ತರ, ಅಂಟಿರೋ ಪೇಂಟ್ ಬಣ್ಣ, ಫೋನ್ ಎಲ್ಲಿತ್ತು ಅನ್ನೋದು, ಟೋಲಿನ ಕ್ಯಾಮೆರಾ, ಇಷ್ಟು ಸಾಕು ಸಿಕ್ಕಿಬೀಳೋಕೆ. ಸಿಕ್ಕಿಬಿದ್ರೆ ಮೋಸದ ಕೇಸು ಬೇರೆ, ಗಾಯ ಆದೋನ ಕ್ಲೇಮೂ ಮಣ್ಣು. ಅಪ್ರಾಪ್ತರಿಗೆ ಗಾಡಿ ಕೊಟ್ಟಿದ್ದಕ್ಕೆ ಅಪ್ಪನಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ ಅಂತ 2019ರಿಂದ ಇದೆ, ಕೀ ಕೊಡೋ ಮುಂಚೆ ಯೋಚನೆ ಮಾಡೋ ವಿಷಯ ಅದು, ಗುದ್ದಿದ ಮೇಲಲ್ಲ.

ಸ್ಥಳದಲ್ಲಿ ಏನು ಮಾಡ್ಬೇಕು ಅನ್ನೋದು ಬಹಳ ಜನಕ್ಕೆ ಗೊತ್ತು, ಚಿಕ್ಕದಾಗಿ ಹೇಳ್ತೀನಿ. ಇಂಜಿನ್ ಆಫ್, ಹಜಾರ್ಡ್ ಲೈಟ್ ಆನ್, ಡಿಕ್ಕೀಲಿರೋ ಕೆಂಪು ತ್ರಿಕೋನ ಹಿಂದೆ ದೂರಕ್ಕೆ ಇಡಿ, ಹೈವೇಲಾದ್ರೆ ಇನ್ನೂ ದೂರ. ನಮ್ಮಲ್ಲಿ ಅದರ ಬದ್ಲು ಸೊಪ್ಪಿನ ಕೊಂಬೆ ಮುರಿದು ಹಾಕಿ ಕಲ್ಲು ಇಡ್ತಾರೆ, ಗಾಡಿ ತೆಗೆದ ಮೇಲೆ ಸೊಪ್ಪು ಬಾಡುತ್ತೆ, ಕಲ್ಲು ಅಲ್ಲೇ ಇರುತ್ತೆ, ರಾತ್ರಿ ಇನ್ನೊಬ್ಬ ಬೈಕಿನೋನು ಅದೇ ಕಲ್ಲಿಗೆ ಹೋಗಿ ಬೀಳ್ತಾನೆ. ದಯವಿಟ್ಟು ಹೋಗುವಾಗ ಕಲ್ಲು ಎತ್ತಿ ಹಾಕಿ ಹೋಗಿ. ಬಿದ್ದೋರನ್ನ ಕೈಕಾಲು ಹಿಡಿದು ಎಳೆದು ಆಟೋಗೆ ತುಂಬ್ಬೇಡಿ, ಬೆಂಕಿಯೋ ಇನ್ನೊಂದು ಗಾಡಿ ಬಂದು ಗುದ್ದೋ ಅಪಾಯವೋ ಇಲ್ದಿದ್ರೆ 108 ಬರೋವರೆಗೂ ಕತ್ತು ಅಲ್ಲಾಡದ ಹಾಗೆ ಇಟ್ಕೊಳಿ, ಉಸಿರಾಟಕ್ಕೆ ತೊಂದ್ರೆ ಇಲ್ಲ ಅಂದ್ರೆ ಹೆಲ್ಮೆಟ್ ಕೀಳೋಕೆ ಹೋಗ್ಬೇಡಿ, ರಕ್ತ ಹೋಗ್ತಿರೋ ಕಡೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡ್ಕೊಳಿ. ನೀರು ಕುಡಿಸ್ಬೇಡಿ, ಇದನ್ನ ಎಷ್ಟು ಹೇಳಿದ್ರೂ ನಮ್ಮೋರು ಕೇಳಲ್ಲ, ಬಾಟ್ಲಿ ಹಿಡ್ಕೊಂಡು ಓಡಿಬರ್ತಾರೆ, ಪ್ರಜ್ಞೆ ಸರಿ ಇಲ್ದೋನಿಗೆ ನೀರು ಶ್ವಾಸಕೋಶಕ್ಕೆ ಹೋಗುತ್ತೆ. ನ್ಯಾಷನಲ್ ಹೈವೇ ಆದ್ರೆ 1033 ಅಂತ ಇದೆ, ಆಂಬುಲೆನ್ಸೂ ಕ್ರೇನೂ ಅವರೇ ಕಳಿಸ್ಬೇಕು.

ಸಹಾಯ ಮಾಡಿದ್ರೆ ನಮ್ಮನ್ನೇ ಸಾಕ್ಷಿ ಮಾಡಿ ಅಲೆಸ್ತಾರೆ ಅನ್ನೋ ಭಯ ಹಳೇದು. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಆದ ಮೇಲೆ ಹೆಸರು ವಿಳಾಸ ಕೊಡೋಕೂ ಬಲವಂತ ಮಾಡೋ ಹಾಗಿಲ್ಲ, ಆಸ್ಪತ್ರೆಯೋರು ಕರ್ಕೊಂಡು ಬಂದೋರ ಹತ್ರ ಅಡ್ವಾನ್ಸ್ ಕಟ್ಟಿ ಅನ್ನೋ ಹಾಗಿಲ್ಲ, ನಮ್ಮ ಕರ್ನಾಟಕ ಇದಕ್ಕೆ ತನ್ನದೇ ಕಾಯ್ದೆನೂ ಮಾಡಿದೆ. ಗಂಭೀರ ಗಾಯ ಆದೋರನ್ನ ಬೇಗ ಆಸ್ಪತ್ರೆ ಸೇರಿಸಿ ಜೀವ ಉಳಿಸಿದೋರಿಗೆ ಕೊಡೋ ಬಹುಮಾನಾನ 2025ರಲ್ಲಿ 25 ಸಾವಿರಕ್ಕೆ ಏರ್ಸಿದಾರೆ.

ಫೋಟೋ ತೆಗೀರಿ, ಆದ್ರೆ ರಕ್ತದ್ದಲ್ಲ. ಎರಡೂ ಗಾಡಿ ನಂಬರ್ ಪ್ಲೇಟು, ಗಾಡಿಗಳು ನಿಂತಿರೋ ಜಾಗ ದೂರದಿಂದ, ಟೈರ್ ಮಾರ್ಕು, ಎದುರಿನೋರ ಲೈಸೆನ್ಸು. ಇನ್ಷೂರೆನ್ಸ್ ಪೇಪರ್ ಇಲ್ಲ ಅಂದ್ರೂ ಎಂಪರಿವಾಹನ್ ಆ್ಯಪಲ್ಲಿ ಗಾಡಿ ನಂಬರ್ ಹಾಕಿದ್ರೆ ಪಾಲಿಸಿ ಚಾಲ್ತೀಲಿದೆಯಾ ಅಂತ ಗೊತ್ತಾಗುತ್ತೆ. ಆಮೇಲೆ ನಮ್ಮ ಕಸುಬಿನ ಒಂದು ಮಾತು: ಮುಂದೆ ಗುದ್ದಿದ ಕಾರಿನ ಕೆಳಗೆ ಹಸಿರೋ ಗುಲಾಬಿಯೋ ಬಣ್ಣದ ನೀರು ಸೋರ್ತಿದ್ರೆ ಅದು ಕೂಲೆಂಟು, ಕಪ್ಪಗೆ ಜಿಡ್ಡಿದ್ರೆ ಇಂಜಿನ್ ಆಯಿಲ್ ಚೇಂಬರ್ ಒಡೆದಿದೆ, ಎರಡರಲ್ಲಿ ಯಾವುದಿದ್ರೂ ಸ್ಟಾರ್ಟ್ ಮಾಡ್ಲೇಬೇಡಿ. ಇಲ್ಲೇ ಹತ್ತು ಕಿಲೋಮೀಟರ್ ಓಡಿಸ್ಕೊಂಡು ಬಂದ್ಬಿಡೋಣ ಅಂತ ಬರ್ತಾರೆ, ಇಂಜಿನ್ ಸೀಜ್ ಆಗಿರುತ್ತೆ. ಬಂಪರ್ ಹೋಗಿದ್ದು ಆಕ್ಸಿಡೆಂಟಿಂದ, ಇಂಜಿನ್ ಹೋಗಿದ್ದು ನೀವು ಓಡಿಸಿದ್ರಿಂದ ಅಂತ ಇನ್ಷೂರೆನ್ಸ್ ಸರ್ವೇಯರ್ ಬರೀತಾರೆ, ಇಂಜಿನ್ ದುಡ್ಡು ಕಂಪನಿ ಕೊಡಲ್ಲ. ನಿಮ್ಮ ಕಾರಿಂದು ಬರೀ ಬಂಪರ್ ಗೀಚಿರೋದಾದ್ರೆ ಕ್ಲೇಮ್ ಮಾಡದೆ ಕೈಯಿಂದ ಕೊಡೋದೇ ವಾಸಿ, ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯ್ತಿ, ನೋ ಕ್ಲೇಮ್ ಬೋನಸ್, 50 ಪರ್ಸೆಂಟ್‌ವರೆಗೂ ಬೆಳೆದಿರುತ್ತೆ, ಒಂದು ಕ್ಲೇಮ್‌ಗೆ ಅಷ್ಟೂ ಹೋಗುತ್ತೆ.

ಎಫ್‌ಐಆರ್ ತಗೊಳಲ್ಲ, ರಾಜಿ ಮಾಡ್ಕೊಂಡು ಹೋಗ್ರಯ್ಯ ಅಂತ ಸ್ಟೇಷನ್ನಲ್ಲೇ ಹೇಳೋದುಂಟು. ನಮ್ಮ ವ್ಯಾಪ್ತಿ ಅಲ್ಲ ಅಂದ್ರೆ ಯಾವ ಸ್ಟೇಷನ್ನಲ್ಲಾದ್ರೂ ದಾಖಲಿಸೋ ಝೀರೋ ಎಫ್‌ಐಆರ್ ಕೇಳಿ, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಲ್ಲಿ ಬರೆದಿದೆ, ಕಾಪಿ ಫ್ರೀಯಾಗಿ ಕೊಡ್ಬೇಕು ಅಂತಲೂ ಅಲ್ಲೇ ಇದೆ. ತಗೊಳ್ಳೋದೇ ಇಲ್ಲ ಅಂದ್ರೆ ಎಸ್‌ಪಿಗೆ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಕೊಳಿ. ಆಸ್ಪತ್ರೆ ವಾರ್ಡಿಗೇ ಬಂದು ಕೇಸ್ ನಾವು ನಡೆಸ್ತೀವಿ, ಖಾಲಿ ಪೇಪರಿಗೆ ಸೈನ್ ಹಾಕಿ ಅನ್ನೋರು ಬರ್ತಾರೆ, ಅವರನ್ನ ಮಾತ್ರ ಹೊರಗೆ ಕಳ್ಸಿ, ನಿಮಗೆ ಗೊತ್ತಿರೋ ವಕೀಲ್ರನ್ನ ಹಿಡೀರಿ.

ಪೊಲೀಸ್ ಇಲಾಖೆಗೂ ಆರೋಗ್ಯ ಇಲಾಖೆಗೂ ನಿಮ್ಮ ಮೂಲಕ ಒಂದು ಕೇಳ್ಕೊಳೋದಿದೆ. ಪ್ರತಿ ಸ್ಟೇಷನ್ ಮುಂದೆ, ಪ್ರತಿ ತಾಲೂಕು ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಹಾಕ್ಸಿ, 1.5 ಲಕ್ಷದ ಚಿಕಿತ್ಸೆ ಯಾವ್ಯಾವ ಆಸ್ಪತ್ರೇಲಿ ಸಿಗುತ್ತೆ, ಅದಕ್ಕೆ ಸ್ಟೇಷನ್ನಲ್ಲಿ ಯಾರನ್ನ ಕೇಳ್ಬೇಕು ಅಂತ. ಟೋಲ್ ಗೇಟಲ್ಲಿ ದುಡ್ಡಿನ ಪಟ್ಟಿ ಎಷ್ಟು ದೊಡ್ಡದಾಗಿ ಹಾಕ್ತಾರೋ ಅಷ್ಟು ದೊಡ್ಡ ಅಕ್ಷರದಲ್ಲಿರ್ಲಿ.

ಪತ್ರ ಉದ್ದ ಆಯ್ತು, ಜಾಗ ಸಾಲದಿದ್ರೆ ಬಂಪರ್, ಬೋನಸ್ ವಿಷಯ ತೆಗೆದುಹಾಕಿ, ಎಫ್‌ಐಆರ್ ಮತ್ತು ಚಿಕಿತ್ಸೆ ಸ್ಕೀಮಿನ ಭಾಗ ಮಾತ್ರ ಕತ್ತರಿಸ್ಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಹಾಸನ ಜಿಲ್ಲೆ